ಎಡಗೈ ಚೀಲದ ರಾಗಿ ಕೇಕ್

ಜಲಜಾ: ಮೊದಲು ಆ ಚೀಲ ಕೆಳಗಿಡಿ ಅಂದೆ.

ತಿಪ್ಪೇಸ್ವಾಮಿ: ಏಳು... ಮಧ್ಯದಲ್ಲಿ ಮಾತಾಡಿಸಬೇಡ... ಎಂಟು...

ಜಲಜಾ: ಎಂಟೂ ಬೇಡ, ಒಂಬತ್ತೂ ಬೇಡ. ನನಗೆ ಹಿಟ್ಟು ಬೇಕು.

ತಿಪ್ಪೇಸ್ವಾಮಿ: ನೋಡು, ಎಣಿಕೆ ತಪ್ಪಿಹೋಯ್ತು. ಈಗ ಮತ್ತೆ ಒಂದರಿಂದ ಶುರು ಮಾಡಬೇಕು. ಒಂದು...

ದಿಲ್ಲಿಯ ಕಿದ್ವಾಯಿ ನಗರದ ಸರಕಾರಿ ಕ್ವಾರ್ಟರ್ಸಿನ ಆರನೇ ಮಹಡಿ. ಡಿಸೆಂಬರ್ ತಿಂಗಳ ಶನಿವಾರ, ಬೆಳಗಿನ ಹತ್ತೂವರೆ. ಹೊರಗೆ ಇನ್ನೂ ಹೊಗೆಮಂಜು ಕವಿದಿದ್ದರಿಂದ ಪಾರ್ಕಿಗೆ ಹೋಗುವಂತಿರಲಿಲ್ಲ. ಊಟದ ಮೇಜನ್ನು ಗೋಡೆಗೆ ತಳ್ಳಿ, ಆ ಜಾಗದಲ್ಲಿ ಚಾಪೆ ಹಾಸಿ, ಮಂಕಿ ಕ್ಯಾಪ್ ಹಾಕಿಕೊಂಡೇ ತಿಪ್ಪೇಸ್ವಾಮಿ ನಿಂತಿದ್ದರು. ಮಿನಿಸ್ಟ್ರಿಯೊಂದರಲ್ಲಿ ಸೆಕ್ಷನ್ ಆಫೀಸರ್ ಅವರು. ಎರಡು ಕೈಯಲ್ಲೂ ಒಂದೊಂದು ಹಿಡಿಕೆಯಿರುವ ಬಟ್ಟೆ ಚೀಲ. ಒಂದೊಂದರಲ್ಲೂ ಐದು ಕಿಲೋ ರಾಗಿ ಹಿಟ್ಟು. ತಮ್ಮೂರು ಹಿರಿಯೂರಿನ ಗಿರಣಿಯಲ್ಲಿ ಬೀಸಿಸಿ ರೈಲಿನಲ್ಲಿ ಹೊತ್ತು ತಂದದ್ದು. ದೀಪಾವಳಿ ಮುಗಿದ ಸೋಮವಾರದಿಂದ ಆ ಎರಡು ಚೀಲಗಳು ಅವರ ಡಂಬೆಲ್ಸ್. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ಜಲಜಾ ಅಳತೆಯ ಕಪ್ಪು ಹಿಡಿದು ಕಾಯುತ್ತಿದ್ದರು.

ಜಲಜಾ: ಸಂಜೆ ನಾಲ್ಕಕ್ಕೆ ಹನ್ನೊಂದು ಜನ ಬರ್ತಾರೆ. ನಮ್ಮ ಟವರಿನ ಕನ್ನಡದವರೆಲ್ಲ. ಮೈದಾ ಇಲ್ಲದ ರಾಗಿ ಕೇಕ್ ಹೇಗೆ ಮಾಡೋದು ಅಂತ ನಾನು ಅವರ ಮುಂದೆ ಮಾಡಿ ತೋರಿಸಬೇಕು. ಅದಕ್ಕೆ ಮುಂಚೆ ಒಂದು ಮಾಡಿಟ್ಟಿರಬೇಕು, ರುಚಿ ನೋಡೋಕೆ. ನೀವು ಇಲ್ಲಿ ನನ್ನ ಹಿಟ್ಟು ಹಿಡ್ಕೊಂಡು ಕುಣೀತಿದ್ದೀರ.

ತಿಪ್ಪೇಸ್ವಾಮಿ: ಇದು ಕುಣಿತ ಅಲ್ಲ, ಓವರ್‌ಹೆಡ್ ಪ್ರೆಸ್. ನಿನ್ನ ಮಗಳು ಬರೆದುಕೊಟ್ಟ ಚಾರ್ಟಿನಲ್ಲಿದೆ. ಇದಾದ ಮೇಲೆ ಸ್ಕ್ವಾಟ್ ಇದೆ, ಆಮೇಲೆ ಡೆಡ್‌ಲಿಫ್ಟ್.

ಜಲಜಾ: ಶನಿವಾರ ಬೆಳಿಗ್ಗೆ ಡೆಡ್ ಗಿಡ್ ಅಂತೆಲ್ಲ ಬಾಯಲ್ಲಿ ತರಬೇಡಿ.

ತಿಪ್ಪೇಸ್ವಾಮಿ: ಹಿಟ್ಟು ಬೇಕಾದ್ರೆ ಅಂಗಡಿಯಿಂದ ತರಿಸು. ಈ ಎರಡು ಚೀಲಕ್ಕೆ ಅಡುಗೆಮನೆಯಿಂದ ಹಾಲಿಗೆ ವರ್ಗಾವಣೆ ಆಗಿದೆ. ವರ್ಗಾವಣೆ ಆದವರನ್ನ ಹಳೇ ಸೆಕ್ಷನ್ನಿನವರು ಕರೆದು ಕೆಲಸ ಹೇಳೋ ಹಾಗಿಲ್ಲ.

ಜಲಜಾ: ಅಂಗಡಿ ಹಿಟ್ಟಲ್ಲಿ ಒಂದು ಸಲ ಮಾಡಿ ನೋಡಿದ್ದಾಯ್ತು. ಐ.ಎನ್.ಎ. ಮಾರ್ಕೆಟ್ಟಿಂದ ತಂದದ್ದು. ಕೇಕ್ ತಟ್ಟೆಗೆ ಬೋರಲು ಹಾಕಿದ್ರೆ ಠಣ್ ಅಂತು. ಊರಿಂದ ತಂದ ಹಿಟ್ಟಲ್ಲಿ ಮಾಡಿದ್ರೆ ಹತ್ತಿ ಬಿಡಿಸಿದ ಹಾಗೆ ಬರುತ್ತೆ. ಅದು ನಮ್ಮೂರ ರಾಗಿಯ ಗುಣ.

ತಿಪ್ಪೇಸ್ವಾಮಿ: ಮೊದಲ ಎರಡು ವಾರ ನೀನು ಮಾಡಿದ್ದು ಹತ್ತಿ ಥರ ಇರಲಿಲ್ಲವಲ್ಲ.

ಜಲಜಾ: ಆಗ ನನ್ನ ಕೈ ಪಳಗಿರಲಿಲ್ಲ. ಈಗ ಪಳಗಿದೆ. ನಿಮಗೊಂದು ಮಾತು ಹೇಳ್ತೀನಿ ಕೇಳಿ. ಇಪ್ಪತ್ತಾರು ವರ್ಷ ಈ ದಿಲ್ಲಿಯಲ್ಲಿ ನನ್ನನ್ನ ಎಲ್ಲರೂ ತಿಪ್ಪೇಸ್ವಾಮಿ ಅವರ ಮಿಸೆಸ್ ಅಂತಿದ್ರು. ಲೋಧಿ ಕಾಲೋನಿ ಮನೆಯಲ್ಲಿದ್ದಾಗಲೂ ಅದೇ, ಇಲ್ಲಿಗೆ ಬಂದ ಮೇಲೂ ಅದೇ. ಈಗ ಒಂದು ತಿಂಗಳಿಂದ ಲಿಫ್ಟಿನಲ್ಲಿ ಸಿಕ್ಕವರು ರಾಗಿ ಕೇಕ್ ಜಲಜಕ್ಕ ಅಂತಾರೆ. ಮೊನ್ನೆ ನಿಮ್ಮನ್ನೇ ಯಾರೋ ಏನಂತ ಕರೆದರು, ಹೇಳಿ.

ತಿಪ್ಪೇಸ್ವಾಮಿ: ರಾಗಿ ಕೇಕ್ ಜಲಜಕ್ಕನ ಯಜಮಾನರು ಅಂದ್ರು.

ಜಲಜಾ: ಮತ್ತೆ? ಆ ಹೆಸರು ಇವತ್ತು ಸಂಜೆ ಉಳೀಬೇಕು. ಚೀಲ ಕೊಡಿ.

ತಿಪ್ಪೇಸ್ವಾಮಿ: ಹನ್ನೆರಡು ಮುಗಿಸಿ ಕೊಡ್ತೀನಿ. ಒಂದು... ಎರಡು... ನಿನಗೆ ನಿನ್ನ ಹೆಸರಿನ ಚಿಂತೆ. ನನಗೆ ಬಂದ ಬಲವನ್ನ ಒಂದು ಸಲವಾದರೂ ನೋಡಿದ್ದೀಯಾ? ದೀಪಾವಳಿ ಆದ ಹೊಸತರಲ್ಲಿ ಇದನ್ನ ನಾಲ್ಕು ಸಲ ಎತ್ತಿದರೆ ಭುಜ ಹಿಡ್ಕೊಳ್ತಿತ್ತು. ರಾತ್ರಿ ಎಣ್ಣೆ ತಿಕ್ಕಿದವಳು ನೀನೇ. ಇವತ್ತು ಹನ್ನೆರಡು ಸಲ, ಅದೂ ಮೂರು ಸೆಟ್. ಬುಧವಾರ ಆಫೀಸಲ್ಲಿ ಕಬ್ಬಿಣದ ಬೀರು ಒಬ್ಬನೇ ಸರಿಸಿದೆ.

ಜಲಜಾ ಕಪ್ಪನ್ನು ಸೆರಗಿನಲ್ಲಿ ಒರೆಸಿದರು. ಒರೆಸುವುದಕ್ಕೇನೂ ಇರಲಿಲ್ಲ. ಆರು ವಾರ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಿದ್ದರು, ಇನ್ನು ನುಂಗಲಾಗಲಿಲ್ಲ.

ಜಲಜಾ: ರೀ, ನೀವು ಬೇಜಾರು ಮಾಡ್ಕೋಬಾರದು.

ತಿಪ್ಪೇಸ್ವಾಮಿ: ಯಾಕೆ?

ಜಲಜಾ: ಎಡಗೈ ಸ್ವಲ್ಪ ಬೇಗ ಮೇಲೆ ಹೋಗುತ್ತೆ ಅನ್ನಿಸಲ್ವಾ ನಿಮಗೆ?

ತಿಪ್ಪೇಸ್ವಾಮಿ: ಇಲ್ಲ. ಎರಡೂ ಸಮ.

ಜಲಜಾ: ಸಮ ಇರೋಕೆ ಸಾಧ್ಯ ಇಲ್ಲ. ಬಲಗೈ ಚೀಲಕ್ಕೆ ನೀವು ಹಾಕಿದ ಗಂಟು ನನಗೆ ಬಿಚ್ಚೋಕೆ ಬರಲಿಲ್ಲ. ಅದಕ್ಕೇ ಎಡಗೈ ಚೀಲದಿಂದ ದಿನ ಬಿಟ್ಟು ದಿನ ಎರಡು ಕಪ್ ಹಿಟ್ಟು ತೆಗೀತಿದ್ದೀನಿ. ನೀವು ಆಫೀಸಿಗೆ ಹೋದ ಮೇಲೆ. ಆರು ವಾರದಿಂದ.

ತಿಪ್ಪೇಸ್ವಾಮಿ: ಆರು ವಾರದಿಂದ?

ಜಲಜಾ: ನೀವು ದಿನಾ ಬಲ ಬಂತು, ಬಲ ಬಂತು ಅಂತ ಖುಷಿಯಾಗಿದ್ರಿ. ಪಾಪ, ಆ ಖುಷಿ ಯಾಕೆ ಕೆಡಿಸಲಿ ಅಂತ ಸುಮ್ಮನಿದ್ದೆ. ನಿಮಗೆ ಬಂದಿದ್ದು ಬಲ ಅಲ್ಲ ಕಣ್ರೀ. ನಿಮ್ಮ ಚೀಲ ಖಾಲಿಯಾಗ್ತಾ ಬಂತು. ಅದೇ ಹಿಟ್ಟು ಕೇಕಾಗಿ ನಿಮ್ಮ ಹೊಟ್ಟೆಗೆ ಹೋಯ್ತು. ಭಾರ ಎಲ್ಲೂ ಹೋಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ.

ಗಂಡ ಕುಸಿದು ಕೂರುತ್ತಾರೆ ಎಂದು ಜಲಜಾ ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ತಳ್ಳಿದರು. ತಿಪ್ಪೇಸ್ವಾಮಿ ಕೂರಲಿಲ್ಲ. ಎಡಗೈ ಚೀಲವನ್ನು ಇನ್ನೊಮ್ಮೆ ತಲೆಯ ಮೇಲಕ್ಕೆ ಎತ್ತಿ, ನಿಧಾನವಾಗಿ ಇಳಿಸಿದರು.

ತಿಪ್ಪೇಸ್ವಾಮಿ: ಚೀಲ ಐದು ಕಿಲೋ ಇದೆ.

ಜಲಜಾ: ಇಲ್ಲ ಅಂತ ಹೇಳ್ತಿದ್ದೀನಲ್ಲ.

ತಿಪ್ಪೇಸ್ವಾಮಿ: ಐದು ಕಿಲೋ. ಬೆಳಿಗ್ಗೆ ತೂಗಿದ್ದೀನಿ.

ಜಲಜಾ: ಗುರುವಾರ ಕೂಡ ಎರಡು ಕಪ್ ತೆಗೆದಿದ್ದೀನಿ. ತೆಗೆದ ಕೈ ಇದು. ಕೃತೀ, ಬಾ ಇಲ್ಲಿ. ಸೂಟ್‌ಕೇಸ್ ತೂಗೋ ಆ ಕೊಕ್ಕೆ ತಗೊಂಡು ಬಾ.

ಒಳಗಿನ ಕೋಣೆಯಿಂದ ಮಗಳು ಕೃತಿ ಬಂದಳು. ಎಂ.ಎ. ಎರಡನೇ ವರ್ಷ. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಕೇಳಿಸಿಕೊಳ್ಳುವಷ್ಟು ಚೆನ್ನಾಗಿ ಆಡಲು ಬರುವುದಿಲ್ಲ. ಮೈತುಂಬ ದಪ್ಪ ಹೊದಿಕೆ, ರಜಾಯಿ, ಸುತ್ತಿಕೊಂಡಿದ್ದಳು.

ಕೃತಿ: ಕ್ಯಾ ಹುವಾ? ಯಾರು ಟ್ರಾವೆಲ್ ಮಾಡ್ತಾ ಇದೀರ?

ಜಲಜಾ: ಯಾರೂ ಇಲ್ಲ. ನಿಮ್ಮಪ್ಪನ ಎಡಗೈ ಚೀಲ ತೂಗು.

ಕೃತಿ: ಯಾಕೆ?

ಜಲಜಾ: ಅದರಲ್ಲಿ ಅರ್ಧ ಕಿಲೋನೂ ಇಲ್ಲ ಅಂತ ನಿಮ್ಮಪ್ಪನಿಗೆ ಗೊತ್ತಾಗಲಿ.

ಕೃತಿ ಕೊಕ್ಕೆಗೆ ಚೀಲ ಸಿಕ್ಕಿಸಿ ಎತ್ತಿದಳು. ಕೊಕ್ಕೆಯ ಸಣ್ಣ ಪರದೆಯ ಮೇಲೆ ಅಂಕಿ ಕುಣಿದು ನಿಂತಿತು.

ಕೃತಿ: ಫೈವ್ ಪಾಯಿಂಟ್ ಝೀರೋ. ಐದು, ಬಸ್.

ಜಲಜಾ: ಇನ್ನೊಂದು ಸಲ.

ಕೃತಿ: ಐದು, ಅಮ್ಮಾ.

ಜಲಜಾ: ಕೊಕ್ಕೆ ಕೆಟ್ಟಿದೆ. ಬಲಗೈದು ತೂಗು.

ಕೃತಿ: ಅದೂ ಐದು. ಅಚ್ಛಾ, ಇದರಲ್ಲಿ ಪ್ರಾಬ್ಲಂ ಏನು?

ಇಷ್ಟು ದಿನ ಅವಸರದಲ್ಲಿ ಕಪ್ಪು ತೂರಿಸಿ ಹಿಟ್ಟು ತೆಗೆಯುತ್ತಿದ್ದ ಜಲಜಾ ಈಗ ಮೊದಲ ಸಲ ಚೀಲದ ಬಾಯಿ ಪೂರ್ತಿ ಬಿಚ್ಚಿ ಬಗ್ಗಿ ನೋಡಿದರು. ಹಿಟ್ಟು ಅಂಚಿನವರೆಗೂ ಇತ್ತು. ಬೆರಳು ಮಡಚಿ ಲೆಕ್ಕ ಹಾಕಿದರು: ವಾರಕ್ಕೆ ಮೂರು ಸಲ, ಕೆಲವು ವಾರ ನಾಲ್ಕು. ಇಪ್ಪತ್ತು ಕೇಕ್ ಆಗಿವೆ. ಇಪ್ಪತ್ತು ಕೇಕ್ ಹೊರಗೆ ಬಂದರೂ ಚೀಲ ತುಂಬಿಯೇ ಇದೆ. ಕಪ್ಪನ್ನು ಮೇಜಿನ ಮೇಲಿಟ್ಟು, ಸೆರಗು ಹೊದ್ದು, ಚೀಲದ ಮುಂದೆ ಎರಡು ಕೈ ಜೋಡಿಸಿದರು.

ಜಲಜಾ: ಕೃತಿ, ಚಪ್ಪಲಿ ಬಿಟ್ಟು ನಿಂತ್ಕೋ.

ಕೃತಿ: ಮಾ, ಏನ್ ಮಾಡ್ತಿದ್ದೀರ?

ಜಲಜಾ: ಅನ್ನಪೂರ್ಣೇಶ್ವರಿ. ಹೋದ ವರ್ಷ ಹೊರನಾಡಿಗೆ ಹೋಗಿ ಅಕ್ಕಿ ಸೇವೆ ಮಾಡಿಸಿದ್ದೆ. ನಾನು ಕೇಳಿರಲಿಲ್ಲ, ಅವಳೇ ಕೊಟ್ಟಳು. ತೆಗೆದಷ್ಟೂ ತುಂಬಿಸ್ತಾ ಇದ್ದಾಳೆ. ಅದಕ್ಕೇ ಕೇಕ್ ಅಷ್ಟು ಮೃದು. ನಾನು ಏನೋ ನನ್ನ ಕೈಗುಣ ಅಂತ ಮೆರೀತಿದ್ದೆ. ರೀ, ನೀವು ಇದನ್ನ ಕಂಕುಳ ಹತ್ತಿರ ಎಲ್ಲ ತಗೊಂಡು ಹೋಗಿದ್ದೀರಲ್ಲ, ತಪ್ಪು ಕಾಣಿಕೆ ಹಾಕಿ ಮೊದಲು.

ತಿಪ್ಪೇಸ್ವಾಮಿ ಇಷ್ಟು ಹೊತ್ತು ನಗುಮುಖದಿಂದ ನೋಡುತ್ತಿದ್ದವರು ಈಗ ಚಡಪಡಿಸಿದರು. ತಾವು ಮಾಡಿದ ಕೆಲಸಕ್ಕೆ ಮೇಲಿನವರು ಹೆಸರು ತೆಗೆದುಕೊಂಡು ಹೋಗುವುದನ್ನು ಮೂವತ್ತು ವರ್ಷ ಆಫೀಸಿನಲ್ಲಿ ಸಹಿಸಿದ್ದರು. ಮನೆಯಲ್ಲೂ ಸಹಿಸಲು ಮನಸ್ಸು ಬರಲಿಲ್ಲ.

ತಿಪ್ಪೇಸ್ವಾಮಿ: ಕೈ ಇಳಿಸು, ಜಲಜಾ. ತುಂಬಿಸಿದ್ದು ದೇವಿಯಲ್ಲ. ನಾನು.

ಜಲಜಾ: ನೀವು?

ತಿಪ್ಪೇಸ್ವಾಮಿ: ದಿನಾ ಬೆಳಿಗ್ಗೆ ನೀನು ಏಳೋ ಮುಂಚೆ ತೂಗ್ತೀನಿ. ಚಾರ್ಟಿನಲ್ಲಿ ಐದು ಕಿಲೋ ಅಂತ ಬರೆದಿದ್ರೆ ಕೈಯಲ್ಲೂ ಐದು ಕಿಲೋ ಇರಬೇಕು. ಮೊದಲ ವಾರವೇ ಗಮನಕ್ಕೆ ಬಂತು, ಕಾಲು ಕಿಲೋ ಕಡಿಮೆ. ನೀನು ಕೇಕಿಗೆ ಬೇರೆ ಹಿಟ್ಟು ಇಟ್ಕೊಂಡಿದ್ದೀಯ ಅಂತಿದ್ದೆ, ಇದು ಎತ್ತಿ ಇಳಿಸೋ ರಭಸಕ್ಕೆ ಹೊಲಿಗೆ ಸಂದಿಯಿಂದ ಉದುರಿ ಹೋಗ್ತಿದೆ ಅಂದ್ಕೊಂಡೆ. ಸವಕಳಿ. ಯಾವ ಯಂತ್ರಕ್ಕಾದ್ರೂ ಸವಕಳಿ ಇದ್ದೇ ಇರುತ್ತೆ. ಕಡಿಮೆ ಬಿದ್ದಷ್ಟನ್ನ ಭರ್ತಿ ಮಾಡ್ತಾ ಬಂದೆ.

ಜಲಜಾ: ಯಾವುದರಿಂದ ಭರ್ತಿ ಮಾಡಿದ್ರಿ?

ತಿಪ್ಪೇಸ್ವಾಮಿ: ಅಡುಗೆಮನೆ ಸಾಮಾನು ಒಂದು ಚಮಚವೂ ಮುಟ್ಟಿಲ್ಲ. ಆ ಬಗ್ಗೆ ನಿನಗೆ ಚಿಂತೆ ಬೇಡ.

ಜಲಜಾ: ಯಾವುದರಿಂದ?

ತಿಪ್ಪೇಸ್ವಾಮಿ: ಬಾಲ್ಕನಿಯಲ್ಲಿ, ವಾಷಿಂಗ್ ಮಶೀನ್ ಹಿಂದೆ ಒಂದು ಡಬ್ಬ ಬಿಸಾಕಿದ್ದೆಯಲ್ಲ. ಹಸಿರು ಮುಚ್ಚಳದ್ದು.

ಆ ಡಬ್ಬದಲ್ಲಿ ಇದ್ದದ್ದು ಮೈದಾ. ದೀಪಾವಳಿಗೆ ಚಿರೋಟಿ ಮಾಡಲೆಂದು ಜಲಜಾ ಐದು ಕಿಲೋ ತಂದಿದ್ದರು. ಅದೇ ವಾರ ಮೊಬೈಲಿನಲ್ಲಿ ಒಬ್ಬ ಡಾಕ್ಟರ್ ಮೈದಾದ ಬಗ್ಗೆ ಹೇಳಿದ್ದನ್ನು ಕೇಳಿ, ಇನ್ನು ಈ ಮನೆಯಲ್ಲಿ ಮೈದಾ ಎಂಬ ಹೆಸರೂ ಎತ್ತಬಾರದೆಂದು ಶಪಥ ಮಾಡಿ ಹೊರಗೆ ಹಾಕಿದ್ದರು. ಯಾರಿಗಾದರೂ ಕೊಟ್ಟರಾಯಿತು ಎಂದುಕೊಂಡು ಮರೆತಿದ್ದರು.

ಜಲಜಾ: ಅದು ಮೈದಾ.

ತಿಪ್ಪೇಸ್ವಾಮಿ: ಹೌದು.

ಜಲಜಾ: ಮೈದಾ ಹಿಟ್ಟನ್ನ ನನ್ನ ರಾಗಿಯೊಳಗೆ ಹಾಕಿದ್ರಾ?

ತಿಪ್ಪೇಸ್ವಾಮಿ: ನಿನ್ನ ರಾಗಿಯೊಳಗೆ ಅಲ್ಲ, ನನ್ನ ಡಂಬೆಲ್‌ನೊಳಗೆ. ನಿನಗೆ ಹೇಳೋಣ ಅಂದ್ರೆ ಮೈದಾ ಅನ್ನೋ ಹೆಸರೂ ಎತ್ತಬಾರದು ಅಂತ ನೀನೇ ಆಜ್ಞೆ ಹೊರಡಿಸಿದ್ದೆ.

ಜಲಜಾ: ಅಷ್ಟು ಬಿಳೀ ಹಿಟ್ಟು ಮೇಲೆ ಸುರಿದಿದ್ರೆ ನನ್ನ ಕಣ್ಣಿಗೆ ಕಾಣಿಸ್ತಾ ಇರಲಿಲ್ವಾ?

ತಿಪ್ಪೇಸ್ವಾಮಿ: ಹಾಕಿದ ಮೇಲೆ ಹನ್ನೆರಡು ಹನ್ನೆರಡರಂತೆ ಮೂರು ಸೆಟ್ ಎತ್ತಿ ಇಳಿಸ್ತೀನಲ್ಲ. ಜರಡಿ ಹಿಡಿದ್ರೂ ಅಷ್ಟು ಚೆನ್ನಾಗಿ ಬೆರೆಯಲ್ಲ.

ಕೃತಿ ರಜಾಯಿಯೊಳಗೆ ಮುಖ ಹುದುಗಿಸಿಕೊಂಡಳು. ರಜಾಯಿ ಮಾತ್ರ ಕುಲುಕುತ್ತಿತ್ತು.

ಜಲಜಾ: ನಗಬೇಡ. ನಗೋ ವಿಷಯ ಅಲ್ಲ ಇದು. ಕೇಕ್ ದಿನದಿಂದ ದಿನಕ್ಕೆ ಬೆಳ್ಳಗಾಗ್ತಿತ್ತು, ಓವನ್ನಿನ ಶಾಖ ಹದಕ್ಕೆ ಬಂತು ಅಂದ್ಕೊಂಡೆ.

ಕೃತಿ: ನನಗೆ ಡೌಟ್ ಬಂದಿತ್ತು, ಮಾ. ರಾಗಿ ಇಷ್ಟು ಗೋರಾ ಹೇಗೆ ಆಯ್ತು ಅಂತ. ಬಟ್ ಟೇಸ್ಟ್ ಎಷ್ಟು ಒಳ್ಳೇದಾಗಿತ್ತು ಅಂದ್ರೆ ನಾನು ಚುಪ್ ಇದ್ದೆ.

ಜಲಜಾ: ಈಗ ಅದರಲ್ಲಿ ರಾಗಿ ಎಷ್ಟು, ಮೈದಾ ಎಷ್ಟು?

ಕೃತಿ: ವೇಟ್, ಮಾಡ್ತೀನಿ. ಐದರಿಂದ ಕಾಲು ತೆಗಿ, ಕಾಲು ಮೈದಾ ಹಾಕು. ಮತ್ತೆ ಕಾಲು ತೆಗಿ, ಕಾಲು ಹಾಕು. ಇಪ್ಪತ್ತು ಸಲ... ಮೈದಾ ಮೂರು ಕಿಲೋ ಮೇಲೆ ಇದೆ. ರಾಗಿ ಎರಡೂ ಇಲ್ಲ.

ಜಲಜಾ: ಅಂದ್ರೆ ನಾನು ಟವರಿಗೆಲ್ಲ ಹಂಚಿದ್ದು ಮೈದಾ ಕೇಕ್.

ತಿಪ್ಪೇಸ್ವಾಮಿ: ರಾಗಿ ಅಂಶವೂ ಇತ್ತು.

ಜಲಜಾ: ನೀವು ಮಾತಾಡಬೇಡಿ. ಸರಕಾರಿ ಅಧಿಕಾರಿ ಆಗಿ ಮನೆಯಲ್ಲಿ ಕಲಬೆರಕೆ ಮಾಡೋದಾ?

ತಿಪ್ಪೇಸ್ವಾಮಿ: ಕಲಬೆರಕೆ ಯಾವುದರಲ್ಲಿ? ಡಂಬೆಲ್‌ಗೆ ನಾನು ಏನು ಬೇಕಾದ್ರೂ ತುಂಬಿಸ್ತೀನಿ. ಮರಳು ತುಂಬಿಸ್ತೀನಿ. ಡಂಬೆಲ್ ಬಿಚ್ಚಿ ಕೇಕ್ ಮಾಡು ಅಂತ ನಿನಗೆ ಯಾರು ಹೇಳಿದ್ರು? ಮೊನ್ನೆ ಒಂದು ದಿನ ನಾನು ಮರಳೇ ತರಬೇಕು ಅಂತಿದ್ದೆ, ಕೆಳಗೆ ಪೈಪ್ ಕೆಲಸ ನಡೀತಿತ್ತಲ್ಲ. ತರಲಿಲ್ಲ. ಅದಕ್ಕೆ ಕೈ ಮುಗಿ ಬೇಕಾದ್ರೆ.

ಜಲಜಾ: ಒಂದು ಮಾತು ಹೇಳಬಹುದಿತ್ತು ನನಗೆ.

ತಿಪ್ಪೇಸ್ವಾಮಿ: ನೀನೂ ಹೇಳಬಹುದಿತ್ತು. ಪಾಪ, ಖುಷಿ ಕೆಡಬಾರದು ಅಂತ ಸುಮ್ಮನಿದ್ದೆಯಂತೆ. ಆರು ವಾರ ನನ್ನನ್ನ ಖಾಲಿ ಚೀಲ ಎತ್ತೋ ಪೈಲ್ವಾನ ಅಂದ್ಕೊಂಡು ಒಳಗೊಳಗೇ ನಕ್ಕಿದ್ದೀಯ. ಅದಕ್ಕೇ ನಾನು ಚೀಲ ಎತ್ತಿದಾಗಲೆಲ್ಲ ನಿನಗೆ ಕೆಮ್ಮು ಬರ್ತಿದ್ದದ್ದು. ನಾನು ದಿಲ್ಲಿ ಹೊಗೆ ಅಂದ್ಕೊಂಡು ಕಷಾಯ ಕಾಯಿಸಿಕೊಟ್ಟೆ.

ಜಲಜಾ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ಕೃತಿ ಬಾಗಿಲ ಕಿಂಡಿಯಲ್ಲಿ ಇಣುಕಿದಳು.

ಕೃತಿ: ವಿಮಲಾ ಆಂಟಿ.

ಒಂಬತ್ತನೇ ಮಹಡಿಯ ವಿಮಲಾ. ಟವರಿನ ಕನ್ನಡ ಹೆಂಗಸರ ವಾಟ್ಸಾಪ್ ಗುಂಪು ನಡೆಸುವುದು ಅವರೇ. ಇವತ್ತಿನ ಕೇಕ್ ಪಾಠ ಗೊತ್ತುಮಾಡಿದ್ದೂ ಅವರೇ. ಜಲಜಾ ಗಾಬರಿಯಲ್ಲಿ ಎಡಗೈ ಚೀಲದ ಬಾಯಿ ಕಟ್ಟಿ ಗಂಡನ ಕೈಗೆ ತುರುಕಿದರು.

ಜಲಜಾ: ಎತ್ತಿ.

ತಿಪ್ಪೇಸ್ವಾಮಿ: ಇಷ್ಟು ಹೊತ್ತು ಇಳಿಸಿ ಅಂತಿದ್ದೆ.

ಜಲಜಾ: ಈಗ ಎತ್ತಿ ಅಂತಿದ್ದೀನಿ. ಎತ್ತುತ್ತಾ ಇರಿ. ಮಾತಾಡಬೇಡಿ.

ವಿಮಲಾ ಶಾಲು ಹೊದ್ದು, ಮೊಬೈಲ್ ಕೈಯಲ್ಲಿ ಹಿಡಿದೇ ಒಳಗೆ ಬಂದರು. ಮಂಕಿ ಕ್ಯಾಪಿನ ತಿಪ್ಪೇಸ್ವಾಮಿಯವರು ಎರಡು ಚೀಲಗಳ ನಡುವೆ ಮೇಲೆ ಕೆಳಗೆ ಆಗುತ್ತಿರುವುದನ್ನು ನೋಡಿ, ದಾರಿ ಬಿಟ್ಟು ಸುತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂತರು.

ವಿಮಲಾ: ನಮಸ್ಕಾರ ಅಣ್ಣಾವ್ರೇ, ನಿಲ್ಲಿಸಬೇಡಿ. ಜಲಜಕ್ಕ, ಎರಡೇ ನಿಮಿಷ. ಅಳತೆ ಮೊದಲೇ ಗ್ರೂಪಿಗೆ ಹಾಕು ಅಂತ ಎಲ್ಲರೂ ಪ್ರಾಣ ತಿಂತಿದ್ದಾರೆ. ಉಷಾ ಅಂತೂ ನೋಯ್ಡಾದಿಂದ ತಂಗೀನೂ ಕರ್ಕೊಂಡು ಬರ್ತಾಳಂತೆ. ಹೇಳಿ, ಬರ್ಕೊಳ್ತೀನಿ. ರಾಗಿ ಹಿಟ್ಟು ಎರಡು ಕಪ್.

ಜಲಜಾ: ಹ್ಞೂಂ.

ವಿಮಲಾ: ಬೇರೆ ಹಿಟ್ಟು ಏನಾದ್ರೂ?

ಜಲಜಾ: ಬೆಲ್ಲ ಮುಕ್ಕಾಲು ಕಪ್.

ವಿಮಲಾ: ಬೆಲ್ಲ ಆಯ್ತು. ಹಿಟ್ಟು ಕೇಳಿದೆ ನಾನು.

ಜಲಜಾ: ಮೊಸರು ಅರ್ಧ ಕಪ್. ಬಾಳೆಹಣ್ಣು ಒಂದು, ಚೆನ್ನಾಗಿ ಕಳಿತದ್ದು.

ವಿಮಲಾ: ಹಿಟ್ಟು ಬರೀ ರಾಗೀನಾ?

ಜಲಜಾ: ಎಣ್ಣೆ... ಎಣ್ಣೆ ಸ್ವಲ್ಪ.

ತಿಪ್ಪೇಸ್ವಾಮಿ: ನಾಲ್ಕು... ಹಿಟ್ಟಿನ ವಿಷಯ ಪರಿಶೀಲನೆಯಲ್ಲಿದೆ... ಐದು...

ಜಲಜಾ: ನಿಮಗೆ ಮಾತಾಡಬೇಡಿ ಅಂದೆ.

ವಿಮಲಾ: ಅಲ್ಲ, ಯಾಕೆ ಕೇಳಿದೆ ಅಂದ್ರೆ ಬರೀ ರಾಗಿಯಲ್ಲಿ ಅಷ್ಟು ಮೃದು ಬರುತ್ತೆ ಅಂತ ನಮ್ಮತ್ತೆ ನಂಬೋದೇ ಇಲ್ಲ. ನಾನು ಜಗಳ ಆಡಿದೀನಿ. ಜಲಜಕ್ಕ ಮೈದಾ ಕೈಯಲ್ಲೂ ಮುಟ್ಟಲ್ಲ, ಅವರ ಮನೆ ದೇವರ ಆಣೆಗೂ ಮುಟ್ಟಲ್ಲ ಅಂದೆ. ಮೊನ್ನೆ ಕೊಟ್ಟ ಕೇಕಲ್ಲಿ ನಮ್ಮನೆಯವರು ನಾಲ್ಕು ತುಂಡು ತಿಂದ್ರು ನೋಡಿ, ಮೈದಾ ಇಲ್ಲವಲ್ಲ ಅನ್ನೋ ಧೈರ್ಯದ ಮೇಲೆ.

ಜಲಜಾ ತಲೆ ತಗ್ಗಿಸಿ ಅಳತೆಯ ಕಪ್ಪಿನ ಹಿಡಿಯನ್ನು ತಿರುವುತ್ತ ನಿಂತರು. ಎಣಿಸುತ್ತಿದ್ದ ತಿಪ್ಪೇಸ್ವಾಮಿ ಒಂಬತ್ತಕ್ಕೆ ನಿಲ್ಲಿಸಿದರು. ಹೆಂಡತಿಯ ಮುಖ ನೋಡಿ, ಚೀಲಗಳನ್ನು ಸದ್ದಾಗದಂತೆ ಕೆಳಗಿಟ್ಟರು.

ತಿಪ್ಪೇಸ್ವಾಮಿ: ವಿಮಲಾ ಅವರೇ, ಇದರಲ್ಲಿ ಜಲಜಂದು ಏನೂ ತಪ್ಪಿಲ್ಲ. ಹಿಟ್ಟಿನ ಹೊಣೆ ನನ್ನದು.

ವಿಮಲಾ: ಯಾವ ಹೊಣೆ?

ಜಲಜಾ: ನೀವಿರಿ, ನಾನೇ ಹೇಳ್ತೀನಿ. ವಿಮಲಾ, ಬರೆಯೋದು ನಿಲ್ಲಿಸು. ಆ ಕೇಕಲ್ಲಿ ಮೈದಾ ಇತ್ತು. ರಾಗಿಗಿಂತ ಮೈದಾನೇ ಹೆಚ್ಚಿತ್ತು. ಹಾಕಿದ್ದು ನಾನಲ್ಲ, ನನಗೆ ಗೊತ್ತೂ ಇರಲಿಲ್ಲ. ಆದ್ರೆ ನಿಮ್ಮೆಲ್ಲರ ಕೈಗೆ ಕೊಟ್ಟವಳು ನಾನು.

ವಿಮಲಾ ಏನೂ ಅರ್ಥವಾಗದೆ ಒಬ್ಬೊಬ್ಬರ ಮುಖವನ್ನೇ ನೋಡಿದರು. ಮೂವರೂ ಸೇರಿ ಹೇಳಿದರು. ಜಲಜಾ ಎಡಗೈ ಚೀಲದಿಂದ ತೆಗೆದದ್ದನ್ನು ಹೇಳಿದರು, ತಿಪ್ಪೇಸ್ವಾಮಿ ಭರ್ತಿ ಮಾಡಿದ್ದನ್ನು ಹೇಳಿದರು, ಕೃತಿ ಲೆಕ್ಕ ಹೇಳಿದಳು. ವಿಮಲಾ ಎದ್ದು ಹೋಗಿ ಒಂದೊಂದು ಚೀಲವನ್ನೂ ಎತ್ತಿ ನೋಡಿ, ಮತ್ತೆ ಬಂದು ಕೂತರು.

ವಿಮಲಾ: ಹಾಗಾದ್ರೆ ಶುದ್ಧ ರಾಗಿ ಇರೋದು ಯಾವುದರಲ್ಲಿ?

ಜಲಜಾ: ಬಲಗೈದರಲ್ಲಿ. ಸಂಜೆ ಅದರಲ್ಲೇ ಮಾಡಿ ತೋರಿಸ್ತೀನಿ. ಹೇಗೆ ಬರುತ್ತೆ ಅಂತ ನನಗೆ ಗೊತ್ತು. ತುಳಸಿ ಪೂಜೆ ಹೊತ್ತಿಗೆ ನಿನಗೆ ಕೊಟ್ಟಿದ್ನಲ್ಲ, ಹಾಗೇ ಬರುತ್ತೆ. ಬರಲಿ. ನಡೆದದ್ದನ್ನೆಲ್ಲ ಎಲ್ಲರ ಮುಂದೆ ಹೇಳಿಬಿಡ್ತೀನಿ. ನಾಳೆಯಿಂದ ನನ್ನನ್ನ ತಿಪ್ಪೇಸ್ವಾಮಿ ಮಿಸೆಸ್ ಅಂತಲೇ ಕರೀರಿ.

ವಿಮಲಾ: ತುಳಸಿ ಪೂಜೆ ಹೊತ್ತಿಗೆ ಕೊಟ್ಟಿದ್ದು. ಆ ಕೇಕು.

ಜಲಜಾ: ಹೌದು, ಅದೇ ಮೊದಲನೇ ಕೇಕ್, ಬರೀ ರಾಗಿ. ಒಂದು ಚಮಚವೂ ಮೈದಾ ಇರಲಿಲ್ಲ.

ವಿಮಲಾ: ಅವತ್ತು ನಿಮಗೆ ಬೇಜಾರಾಗುತ್ತೆ ಅಂತ ನಾನು ಹೇಳಲಿಲ್ಲ ಜಲಜಕ್ಕ. ಚಾಕು ಇಳೀಲಿಲ್ಲ. ಈಳಿಗೆಮಣೆ ಮೇಲೆ ಇಟ್ಟು ನೋಡಿದ್ವಿ, ಮಣೆಯೇ ಜರುಗಿ ಹೋಯ್ತು. ಕೊನೆಗೆ ನಮ್ಮನೆಯವರು ಹೊಸ್ತಿಲಿಗೆ ಕುಟ್ಟಿ ತೆಂಗಿನಕಾಯಿ ಥರ ಒಡೆದ್ರು.

ಕೃತಿ: ಹೇ ಭಗವಾನ್.

ವಿಮಲಾ: ತಡಿ, ಮುಗೀಲಿಲ್ಲ. ಡಾಕ್ಟ್ರು ನಮ್ಮನೆಯವರಿಗೆ ತೂಕ ಇಳಿಸಿ ಅಂತ ಎರಡು ವರ್ಷದಿಂದ ಹೇಳ್ತಿದ್ದಾರೆ. ಒಂದು ಗ್ರಾಮ್ ಇಳಿದಿರಲಿಲ್ಲ. ಆ ಕೇಕಿನ ಒಂದು ತುಂಡು ಬಾಯಿಗೆ ಹಾಕ್ಕೊಂಡು ಟಿ.ವಿ. ಮುಂದೆ ಕೂತ್ರು. ಎರಡು ನ್ಯೂಸ್ ಮುಗಿದ್ರೂ ಅಗೀತಾನೇ ಇದ್ರು. ದವಡೆ ನೋಯ್ತಿದೆ ಅಂತ ಊಟ ಬಿಟ್ಟು ಮಜ್ಜಿಗೆ ಕುಡಿದು ಮಲಗಿದ್ರು. ಹೀಗೇ ಒಂದು ವಾರ. ಒಂದೂವರೆ ಕಿಲೋ ಇಳಿದ್ರು.

ಜಲಜಾ: ನಮ್ಮ ಕೇಕಿಂದಾನಾ?

ವಿಮಲಾ: ನಿಮ್ಮ ಕೇಕಿಂದಲೇ. ಆಮೇಲೆ ನಿಮ್ಮ ಕೈ ಪಳಗ್ತಾ ಬಂತು ನೋಡಿ, ಹತ್ತಿ ಥರ ಆಯ್ತು, ಅವರು ಎರಡು ತುಂಡು, ಮೂರು ತುಂಡು ಅಂತ ಶುರು ಮಾಡಿದ್ರು. ಇಳಿದಿದ್ದೆಲ್ಲ ವಾಪಸ್ ಬಂತು. ಮೇಲೆ ಎರಡು ಕಿಲೋ ಬೇರೆ. ರಾಗಿ ತಿಂದೂ ಯಾಕೆ ಹೀಗಾಗ್ತಿದೆ ಅಂತ ಡಾಕ್ಟ್ರೂ ತಲೆ ಕೆರ್ಕೊಂಡ್ರು. ಈಗ ತಿಳೀತು.

ತಿಪ್ಪೇಸ್ವಾಮಿ: ಅಂದ್ರೆ ಬಲಗೈ ಚೀಲದ ಕೇಕೇ ಆರೋಗ್ಯಕ್ಕೆ ಒಳ್ಳೇದು.

ವಿಮಲಾ: ಒಳ್ಳೇದೇ ಅಣ್ಣಾವ್ರೇ. ಯಾರಿಂದಲೂ ಎರಡನೇ ತುಂಡು ತಿನ್ನೋಕಾಗಲ್ಲವಲ್ಲ.

ಜಲಜಾ ಕುರ್ಚಿ ಎಳೆದುಕೊಂಡು ಕೂತರು. ತಮ್ಮನ್ನು ಹೊಗಳುತ್ತಿದ್ದಾರೋ ಬಯ್ಯುತ್ತಿದ್ದಾರೋ ಅವರಿಗೆ ತಿಳಿಯಲಿಲ್ಲ.

ಜಲಜಾ: ಅದೆಲ್ಲ ಸರಿ. ಸಂಜೆಗೆ ನಾನು ಯಾವುದು ಮಾಡಲಿ?

ವಿಮಲಾ: ಎರಡೂ ಮಾಡಿ. ಮುಚ್ಚಿಡೋದು ಬೇಡ. ಬಲಗೈ ಚೀಲದ್ದು ಒಂದು, ಎಡಗೈ ಚೀಲದ್ದು ಒಂದು. ಎದುರೆದುರಿಗೆ ಇಟ್ಟು, ಇದು ಹೀಗೆ, ಅದು ಹಾಗೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ.

ತಿಪ್ಪೇಸ್ವಾಮಿ: ಎರಡು ಚೀಲವೂ ಅಡುಗೆಮನೆಗೆ ಹೋದ್ರೆ ನಾನು ಎತ್ತೋದೇನು?

ಕೃತಿ: ಪುಶ್‌ಅಪ್ ಮಾಡಿ ಅಪ್ಪಾ. ಅದರಲ್ಲಿ ನಿಮ್ಮನ್ನ ನೀವೇ ಎತ್ತಬೇಕು. ಅಮ್ಮ ಅದರಿಂದ ಎರಡು ಕಪ್ ತೆಗಿಯೋಕೆ ಆಗಲ್ಲ.

ವಿಮಲಾ ಮೊಬೈಲಿನಲ್ಲಿ ಬರೆದದ್ದನ್ನು ಅಳಿಸಿ ಹೊಸದಾಗಿ ಬರೆಯತೊಡಗಿದರು. ಬರೆಯುತ್ತಲೇ ಗಟ್ಟಿಯಾಗಿ ಓದಿದರು.

ವಿಮಲಾ: "ಇಂದು ಸಂಜೆ ನಾಲ್ಕಕ್ಕೆ ಜಲಜಕ್ಕ ಎರಡು ಥರದ ಕೇಕ್ ಮಾಡಿ ತೋರಿಸ್ತಾರೆ. ಒಂದರಲ್ಲಿ ಮೈದಾ ಇಲ್ಲ, ಒಂದರಲ್ಲಿ ಮೈದಾ ಇದೆ. ಒಂದು ಆರೋಗ್ಯಕ್ಕೆ, ಇನ್ನೊಂದು ತಿನ್ನೋದಕ್ಕೆ." ಕಳಿಸ್ಲಾ?

ಜಲಜಾ: ಕಳಿಸು. ಬರದೇ ಇದ್ರೆ ಬೇಡ.

ವಿಮಲಾ ಕಳಿಸಿದರು. ಮೊಬೈಲ್ ಒಂದು ಸಲ ಟಿಣ್ ಎಂದಿತು, ಆಮೇಲೆ ಬಿಡದೆ ಟಿಣ್ ಟಿಣ್ ಎನ್ನತೊಡಗಿತು. ವಿಮಲಾ ಕನ್ನಡಕ ಏರಿಸಿಕೊಂಡು ಓದುತ್ತ ಹೋದರು. ಜಲಜಾ ಅವರ ಮುಖವನ್ನೇ ನೋಡಿದರು.

ಜಲಜಾ: ಏನಂತೆ? ಬರಲ್ವಂತಾ?

ವಿಮಲಾ: ಹನ್ನೊಂದು ಜನರೂ ಬರ್ತಾರಂತೆ. ಎಲ್ಲರದೂ ಒಂದೇ ಕೇಳಿಕೆ, ಜಲಜಕ್ಕ. ಆರೋಗ್ಯದ್ದನ್ನ ಮನೆಯಲ್ಲಿರೋ ಯಜಮಾನರಿಗೆ ಕಟ್ಟಿಕೊಡಬೇಕಂತೆ. ಇನ್ನೊಂದನ್ನ ಇಲ್ಲೇ ಕೂತು ಮುಗಿಸಿಕೊಂಡು ಹೋಗ್ತಾರಂತೆ.